ಚಿತ್ರದ ಮೂಲೆಯ ಕೆಂಪು

ಮರುಳಯ್ಯ ಗುರುಗಳ ಆಶ್ರಮವಿದ್ದದ್ದು ಬೋಳು ಬಂಡೆಗಳ ಗುಡ್ಡದ ಮೇಲೆ. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ಆಳದ ಆಕಾಶದ, ಅಂದರೆ ದೂರದ ಗ್ಯಾಲಕ್ಸಿಗಳ ಚಿತ್ರ ತೆಗೆಯುವುದು. ಪಾಲಿಸಬೇಕಾದ ನಿಯಮವೂ ಒಂದೇ. ದೂರದರ್ಶಕದ ಹತ್ತಿರ ಯಾವ ದೀಪವೂ ಉರಿಯಕೂಡದು.

ಶಿಷ್ಯ ತಿಪ್ಪೇಶ ಮದುವೆಮನೆಗಳ ಫೋಟೊ ತೆಗೆಯುವುದನ್ನು ಬಿಟ್ಟು ಬಂದವನು. ಕೈಚಳಕಕ್ಕೇನೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಎದೆಗಾರಿಕೆಗೆ. ಕೆಳಗಿನ ಕಣಿವೆಯಲ್ಲಿ ಕರಡಿಗಳು ಓಡಾಡುತ್ತಿದ್ದವು. ಕತ್ತಲಾಯಿತೆಂದರೆ ಅವನ ಕಣ್ಣಿಗೆ ಗುಡ್ಡದ ಬಂಡೆಗಳೆಲ್ಲ ಕರಡಿಗಳೇ.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹಿಂದೊಬ್ಬ ಶಿಷ್ಯ ಹೆದರಿ ಟಾರ್ಚ್ ಹಾಕಿದ್ದಕ್ಕೆ ಗುರುಗಳು ಅವನನ್ನು ಮನೆಗೆ ಕಳಿಸಿದ್ದರಂತೆ. ತಾನೂ ಪುಕ್ಕಲನೆಂದು ಗೊತ್ತಾದರೆ ತನಗೂ ಅದೇ ಗತಿ ಎಂದು ತಿಪ್ಪೇಶ ನಡುಗುತ್ತಿದ್ದ. ಬಿಟ್ಟುಹೋಗಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

ರಾತ್ರಿ ದೂರದರ್ಶಕದ ಪಕ್ಕ ಕೂತು, ಗುರುಗಳು ಗುಡಿಸಲಿಗೆ ಹೋಗಿ ಮಲಗುವ ತನಕ ತಡೆದುಕೊಳ್ಳುತ್ತಿದ್ದ. ಆಮೇಲೆ ಕಂಬಳಿಯೊಳಗೆ ಪುಟ್ಟದೊಂದು ಕೆಂಪು ದೀಪ ಹೊತ್ತಿಸಿ, ಬೆಳಗಿನ ಜಾವ ಆರಿಸುತ್ತಿದ್ದ.

ಅವನ ಚಿತ್ರಗಳ ಮೂಲೆಯಲ್ಲಿ ಕೆಂಪು ಮಸುಕೊಂದು ಬೀಳತೊಡಗಿತು.

"ಗುರುಗಳೇ, ಈ ಲೆನ್ಸು ಸರಿಯಿಲ್ಲ. ಇದಕ್ಕಿಂತ ಒಳ್ಳೇದು ಬೇಕು."

ಗುರುಗಳು ತಮ್ಮ ಲೆನ್ಸನ್ನೇ ಬಿಚ್ಚಿ ಕೊಟ್ಟರು. ಮಸುಕು ಇನ್ನೂ ಚೆನ್ನಾಗಿ ಬಂತು.

"ಫಿಲ್ಟರ್ ಇದ್ದರೆ ಹೋಗುತ್ತೆ ಗುರುಗಳೇ."

ಫಿಲ್ಟರನ್ನೂ ತರಿಸಿಕೊಟ್ಟರು. ಕೆಂಪು ನಕ್ಷತ್ರಗಳು ಮಂಕಾದವು, ಮಸುಕು ಮಾತ್ರ ಪೂರ್ತಿ ಹೋಗಲಿಲ್ಲ.

"ಹಾಗಾದರೆ ಕಂಪ್ಯೂಟರಿನಲ್ಲೇ ಅಳಿಸಿಬಿಡ್ತೀನಿ."

"ಅಳಿಸು."

ಆ ಅಮಾವಾಸ್ಯೆಗೆ ಅವನು ದೇವಯಾನಿ ಗ್ಯಾಲಕ್ಸಿಯ ಚಿತ್ರ ತೆಗೆದಿದ್ದ. ಹಗಲೆಲ್ಲ ಕೂತು ಮಸುಕನ್ನು ಅಳೆದಳೆದು ಕಳೆದ. ಹಿನ್ನೆಲೆ ಕಾಡಿಗೆಯ ಹಾಗೆ ಕಪ್ಪಾಯಿತು. ಬೀಗುತ್ತ ತಂದು ಗುರುಗಳ ಮುಂದಿಟ್ಟ.

"ಚೆನ್ನಾಗಿದೆ," ಎಂದರು ಗುರುಗಳು. "ದೇವಯಾನಿಯ ಹೊರಗಿನ ಸುರುಳಿ ತೋಳೆಲ್ಲಿ?"

ತಿಪ್ಪೇಶ ಬಗ್ಗಿ ನೋಡಿದ. ತೋಳಿರಲಿಲ್ಲ. ಅದೂ ಮಸುಕಿನಷ್ಟೇ ತೆಳು, ಮಸುಕಿನ ಜೊತೆಗೇ ಅಳಿಸಿಹೋಗಿತ್ತು.

"ಅಳಿಸದೆ ಇರೋದನ್ನ ತಾ."

ತಂದುಕೊಟ್ಟ. ಗುರುಗಳು ಬಹಳ ಹೊತ್ತು ನೋಡಿದರು.

"ಇದರಲ್ಲಿ ಎರಡು ಬೆಳಕಿದೆ. ಒಂದು ಇಪ್ಪತ್ತೈದು ಲಕ್ಷ ವರ್ಷ ನಡೆದು ಬಂದಿದ್ದು. ಇನ್ನೊಂದು ನಿನ್ನ ಮೊಣಕಾಲ ಹತ್ತಿರದಿಂದ ಬಂದಿದ್ದು. ನೀನು ಎಡಗಡೆ, ಬಂಡೆಗೆ ಬೆನ್ನು ಕೊಟ್ಟು ಕೂರ್ತೀಯ ಅಲ್ವಾ?"

ತಿಪ್ಪೇಶ ಚಿತ್ರವನ್ನು ಮಗುಚಿಟ್ಟ.

"ರಾತ್ರಿ ನಾನೂ ಬರ್ತೀನಿ," ಎಂದು ಗುರುಗಳು ಎದ್ದುಹೋದರು.

ಸಂಜೆಯೊಳಗೆ ತಿಪ್ಪೇಶ ತನ್ನ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿಟ್ಟ.

ರಾತ್ರಿ ಗುರುಗಳು ದೂರದರ್ಶಕವನ್ನು ದೇವಯಾನಿಗೆ ತಿರುಗಿಸಿದರು. ಅವನ ಪಕ್ಕದಲ್ಲೇ ಕೂತು ಸುಮ್ಮನೆ ಕೈ ಚಾಚಿದರು. ಅವನು ಕಂಬಳಿಯೊಳಗೆ ಆಗಲೇ ಹೊತ್ತಿಸಿಕೊಂಡಿದ್ದ ಕೆಂಪು ದೀಪವನ್ನು ಅವರ ಅಂಗೈಗೆ ಹಾಕಿದ. ಗುರುಗಳು ಅದನ್ನು ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ತಿಪ್ಪೇಶನಿಗೆ ತನ್ನ ಕೈ ತನಗೇ ಕಾಣದಾಯಿತು. ಕಣಿವೆಯಲ್ಲಿ ಕಲ್ಲೊಂದು ಉರುಳಿತು. ಒಣಗಿದ ಹುಲ್ಲು ಸರಸರ ಎಂದಿತು. ಆಮೇಲೆ ಉಸಿರಿನ ಸದ್ದು, ಅವನದಲ್ಲ, ಗುರುಗಳದೂ ಅಲ್ಲ.

"ಗುರುಗಳೇ, ಅಲ್ಲೇನೋ ಇದೆ."

"ಇದೆ."

"ಕರಡಿನಾ?"

"ಇರಬಹುದು."

"ದೀಪ ಹಚ್ಚಿ ಗುರುಗಳೇ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಚ್ಚಿದರೆ ಅದಕ್ಕೆ ನೀನು ಕಾಣ್ತೀಯ. ನಿನಗೆ ದೀಪ ಬಿಟ್ಟು ಬೇರೇನೂ ಕಾಣಲ್ಲ."

ತಿಪ್ಪೇಶ ತಡಕಾಡಿ ಗುರುಗಳ ಕೈ ಹಿಡಿದ. ಅದು ಒದ್ದೆಯಾಗಿತ್ತು. ತನ್ನದೇ ಬೆವರು ಎಂದುಕೊಂಡ.

ಓಡಬೇಕೆನಿಸಿತು, ಹಿಡಿದ ಕೈ ಬಿಡಲು ಮನಸ್ಸಾಗಲಿಲ್ಲ. ಹಾಗೇ ಕೂತ. ಕಣ್ಣು ನಿಧಾನಕ್ಕೆ ಕತ್ತಲಿಗೆ ಹೊಂದಿಕೊಂಡಿತು. ನಕ್ಷತ್ರಗಳ ಬೆಳಕಿಗೇ ಬಂಡೆಗಳ ಅಂಚು ಕಾಣತೊಡಗಿತು. ಕರಡಿ ಎಂದುಕೊಂಡಿದ್ದವೆಲ್ಲ ಒಂದೊಂದಾಗಿ ಬಂಡೆಗಳಾದವು.

ಒಂದು ಬಂಡೆ ಮಾತ್ರ ಮೆಲ್ಲಗೆ ಎದ್ದು, ಇವರ ಕಡೆಗೊಮ್ಮೆ ಮೂತಿ ತಿರುಗಿಸಿ, ಕಣಿವೆಗೆ ಇಳಿದುಹೋಯಿತು.

ಬೆಳಕು ಹರಿಯುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.

ಬೆಳಗ್ಗೆ ಚಿತ್ರ ತೆರೆದು ನೋಡಿದರೆ ಕೆಂಪಿನ ಸುಳಿವಿಲ್ಲ. ದೇವಯಾನಿಯ ಹೊರಗಿನ ತೋಳು ಒಲೆಯ ಹೊಗೆಯಷ್ಟು ತೆಳ್ಳಗೆ ಮೂಡಿತ್ತು. ತಿಪ್ಪೇಶನಿಗೆ ಅಳು ಬಂತು, ಅತ್ತ.

"ಇಷ್ಟು ದಿನ ನಿಮಗೆ ಸುಳ್ಳು ಹೇಳಿದೆ ಗುರುಗಳೇ. ಲೆನ್ಸಿನದೇನೂ ತಪ್ಪಿರಲಿಲ್ಲ. ನನಗೆ ಭಯ."

"ಹೂಂ."

"ನಿನ್ನೆ ರಾತ್ರಿಯೂ ಅದು ಹೋಗಲಿಲ್ಲ. ನಾಳೆಯೂ ಹೆದರ್ತೀನಿ. ನನ್ನನ್ನ ಮನೆಗೆ ಕಳಿಸಿಬಿಡ್ತೀರಾ?"

ಗುರುಗಳು ಅವನ ಗಂಟನ್ನು ನೋಡಿದರು, ಕಿಟಕಿಯಾಚೆ ಕಣಿವೆಯನ್ನು ನೋಡಿದರು.

"ನಿನ್ನನ್ನ ಕಳಿಸಿಬಿಟ್ಟರೆ, ಆ ಕತ್ತಲಲ್ಲಿ ನಾನೊಬ್ಬನೇ ಹೇಗೆ ಕೂರಲಿ?"