ಕಲ್ಲುಗುಂಡಿಗೆ ಬಂದ ಮೀನುಗಳು

ಒಂದು ಕಾಡಿನ ನಡುವೆ ಬೋಳುಗುಡ್ಡವೊಂದಿತ್ತು. ಗುಡ್ಡದ ಮೇಲಿನ ಬಂಡೆಯ ಸಂದಿನಲ್ಲಿ ಚೂಪಕ್ಕ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳೊಂದಿಗೆ ವಾಸವಾಗಿದ್ದಳು. ಮನೆ ಬಾಗಿಲಲ್ಲೇ ಒಂದು ಕಲ್ಲುಗುಂಡಿ. ಹೆಚ್ಚೆಂದರೆ ಎರಡು ಹಂಡೆ ನೀರು ಹಿಡಿಯುತ್ತಿತ್ತು. ಮರಿಗಳಿಗೆ ಕುಡಿಯಲು ಅದೇ ನೀರು.

ಆ ನೀರಿನ ತುಂಬ ಸೊಳ್ಳೆಮರಿಗಳು. ಚೂಪಕ್ಕನ ಮುಳ್ಳು ಕಂಡರೆ ಚಿರತೆಯೂ ದಾರಿ ಬಿಡುತ್ತಿತ್ತು, ನಿಜ. ಆದರೆ ಸೊಳ್ಳೆಗೆ ಮುಳ್ಳಿನ ಗೊಡವೆ ಏಕೆ ಮಕ್ಕಳೇ? ಅದು ನೇರವಾಗಿ ಮೂತಿಯ ಮೇಲೇ ಕೂರುತ್ತಿತ್ತು. ಮರಿಗಳ ಮೂತಿ ಊದಿ ಬದನೆಕಾಯಿಯಾಗಿತ್ತು. ಎರಡಕ್ಕೂ ನಿದ್ದೆಯಿಲ್ಲ. ಚಿಕ್ಕದಂತೂ ಹಾಲು ಕುಡಿಯುವುದನ್ನೂ ಬಿಟ್ಟಿತ್ತು.

ಚೂಪಕ್ಕ ಗುಡ್ಡ ಇಳಿದು ಕಾಡಿನ ಹಿರಿಯಳಾದ ಆಮೆಜ್ಜಿಯ ಹತ್ತಿರ ಉಪಾಯ ಕೇಳಿದಳು.

"ಗುಂಡಿಗೆ ಮೀನು ಬಿಡು," ಎಂದಳು ಆಮೆಜ್ಜಿ. "ಸೊಳ್ಳೆಮರಿ ತಿಂದು ಮುಗಿಸುತ್ತವೆ. ನಿನಗೆ ಮೀನು ಸಾಕಿ ಗೊತ್ತಿಲ್ಲ, ಗುಂಡಿಯೂ ಚಿಕ್ಕದು. ಅದಕ್ಕೇ ಹೇಳ್ತೀನಿ, ಜೌಗಿನಲ್ಲಿ ಬೂದುಬಣ್ಣದ ಕಿರುಮೀನುಗಳಿವೆಯಲ್ಲ, ಅವನ್ನು ತಾ. ನಿಂತ ನೀರು, ಕಾದ ನೀರು, ಎಲ್ಲಕ್ಕೂ ಒಗ್ಗಿಕೊಂಡವು. ಮೂರು ಸಾಕು."

"ಬೂದುಬಣ್ಣವೇ ಅಜ್ಜಿ?"

"ತಿನ್ನೋದು ಬಾಯಿ ಕಣೇ, ಬಣ್ಣವಲ್ಲ."

ಚೂಪಕ್ಕ ಜೌಗಿನ ಕಡೆ ಹೊರಟವಳು ದಾರಿಯಲ್ಲಿ ನಿಂತಳು. ಆ ಬೋಳುಗುಡ್ಡಕ್ಕೆ ಯಾರೂ ಹತ್ತಿ ಬರುತ್ತಿರಲಿಲ್ಲ. ಹೇಗೂ ಮೀನು ತರುವುದು ತರುತ್ತೇನೆ, ಕಣ್ಣಿಗೆ ಚಂದ ಕಾಣುವುದನ್ನೇ ತಂದರೆ ಇಡೀ ಕಾಡು ನನ್ನ ಮನೆ ಬಾಗಿಲಿಗೆ ಬಂದೀತು ಎಂದುಕೊಂಡಳು. ಕಾಲು ಹೊಳೆಯ ಕಡೆ ತಿರುಗಿತು.

ಹೊಳೆಯ ನೀರು ಧುಮುಕುವ ಅಬ್ಬಿಯ ಕೆಳಗೆ ಕೆಂಪು ಪಟ್ಟೆಯ ಮೀನುಗಳು ಮಿಂಚುತ್ತಿದ್ದವು. ಅಲ್ಲೇ ನೀರುನಾಯಿ ಮೈ ಒಣಗಿಸಿಕೊಳ್ಳುತ್ತಿದ್ದ.

"ಅಕ್ಕಾ, ಇವು ಓಡುವ ನೀರಿನವು," ಎಂದ. "ನಿಂತ ನೀರಲ್ಲಿ ಉಸಿರು ಕಟ್ಟುತ್ತೆ."

"ಬಂದ ಮೇಲೆ ರೂಢಿಯಾಗುತ್ತೆ ಬಿಡಪ್ಪ. ಹನ್ನೆರಡು ಹಿಡಿದುಕೊಡು."

"ಹನ್ನೆರಡಾ! ನಿನ್ನ ಮನೆ ಮುಂದೆ ಇರೋದು ಗುಂಡಿಯೋ, ಕೆರೆಯೋ?"

"ನಿನಗೆ ಹಿಡಿಯೋಕೆ ಬರುತ್ತೋ ಇಲ್ಲವೋ, ಅದನ್ನು ಹೇಳು."

ನೀರುನಾಯಿ ನೀರಿಗೆ ಧುಮುಕಿದ. ಎಲೆಯ ದೊನ್ನೆಗಳಲ್ಲಿ ಮೀನು ತುಂಬಿ ಗುಡ್ಡದವರೆಗೆ ತಂದುಕೊಟ್ಟು ಹೋದ.

ಸುದ್ದಿ ಹಬ್ಬಿತು. ಚೂಪಕ್ಕ ಬಯಸಿದಂತೆ ಕಾಡಿಗೆ ಕಾಡೇ ಹತ್ತಿ ಬಂತು. ಆದರೆ ಆ ಕಾಡಿನಲ್ಲೊಂದು ಪದ್ಧತಿ ಇತ್ತು. ಹೊಸದಾಗಿ ಬಂದ ಜೀವವನ್ನು ಬರಿಗೈಯಲ್ಲಿ ನೋಡಬಾರದು. ಮೊಲ ಹುಲ್ಲಿನ ಬೀಜ ತಂದಿತು. ಅಳಿಲು ಅತ್ತಿಹಣ್ಣು ತಂದಿತು. ಕಾಡುಕೋಳಿ ಗೆದ್ದಲು ತಂದರೆ ಕರಡಿ ಜೇನುಹುಟ್ಟನ್ನೇ ಹೊತ್ತು ತಂದಿತು.

"ತಿನ್ನಿ ಕಂದಗಳಾ, ನಾಚಿಕೊಳ್ಳಬೇಡಿ," ಎನ್ನುತ್ತ ಕರಡಿ ಹುಟ್ಟನ್ನು ಹಿಂಡಿ ಗುಂಡಿಗೆ ಸುರಿಯಿತು. ಉಳಿದವರೂ ತಂದದ್ದನ್ನು ತಾವೇ ನೀರಿಗೆ ಹಾಕಿದರು. ಬಂದವರ ಕೈ ತಡೆಯುವುದು ಹೇಗೆ? ಚೂಪಕ್ಕ ನಗುತ್ತ ನಿಂತಿದ್ದಳು.

ಮೂರನೆಯ ದಿನ ನೀರು ಅಂಬಲಿಯಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವುಗಳ ನಡುವೆ ಸೊಳ್ಳೆಮರಿಗಳು ಆರಾಮವಾಗಿ ಕುಣಿಯುತ್ತಿದ್ದವು.

ಚಿಕ್ಕ ಮರಿ ಗುಂಡಿಗೆ ಮೂತಿ ಇಟ್ಟು ಹಿಂದೆ ಸರಿಯಿತು. "ಅವ್ವಾ, ನೀರು ನಾರ್ತಿದೆ."

ಅಂದು ಯಾರೂ ಗುಡ್ಡ ಹತ್ತಲಿಲ್ಲ, ಆಮೆಜ್ಜಿಯೊಬ್ಬಳನ್ನು ಬಿಟ್ಟು. ಅವಳು ಹೊರಟದ್ದು ಮೊದಲ ದಿನವೇ. ಮೇಲೆ ಮುಟ್ಟುವಾಗ ಇಷ್ಟು ಹೊತ್ತಾಗಿತ್ತು.

"ತಪ್ಪಾಯಿತಜ್ಜಿ," ಎಂದಳು ಚೂಪಕ್ಕ.

"ನನಗೇನು ಹೇಳ್ತೀಯ? ಸತ್ತದ್ದು ಅವು, ಬಾಯಾರಿರೋದು ನಿನ್ನ ಮಕ್ಕಳು. ಮೊದಲು ಗುಂಡಿ ತೊಳಿ."

ಚೂಪಕ್ಕ ಗುಂಡಿಯನ್ನು ಬರಿದುಮಾಡಿ, ಬಳಿದು, ಉಜ್ಜಿದಳು. ಮಳೆ ಬರುವವರೆಗೆ ಊದಿದ ಮೂತಿಯ ಮರಿಗಳನ್ನು ದಿನಕ್ಕೆರಡು ಸಲ ನೀರಿಗೆಂದು ಹೊಳೆಗೆ ನಡೆಸಿದಳು. ಹತ್ತುವಾಗ ಚಿಕ್ಕದು ದಾರಿಯುದ್ದಕ್ಕೂ ಅಳುತ್ತಿತ್ತು. ಮಳೆ ಬಂದು ಗುಂಡಿ ತುಂಬಿದಾಗ ಸೊಳ್ಳೆಗಳೇ ಮೊದಲು ಬಂದು ಮೊಟ್ಟೆಯಿಟ್ಟವು. ಈ ಸಲ ಅವಳು ನೇರ ಜೌಗಿಗೆ ಹೋಗಿ, ದೊನ್ನೆಯಲ್ಲಿ ಮೂರೇ ಬೂದುಮೀನು ತಂದು ಗುಂಡಿಗೆ ಬಿಟ್ಟಳು.

ಹದಿನೈದು ದಿನ ಕಳೆಯಿತು. ಮೊಲ ಹುಲ್ಲಿನ ಬೀಜ ಹಿಡಿದು ಮತ್ತೆ ಬಂತು.

"ಹೊಸ ಮೀನು ತಂದೆಯಂತೆ, ಚೂಪಕ್ಕ!"

"ಬೀಜ ಇಲ್ಲಿ ಕೊಡು. ಮರಿಗಳಿಗಾಗುತ್ತೆ."

"ಮತ್ತೆ ಮೀನಿಗೆ?"

"ಅವುಗಳ ಊಟ ಗುಂಡಿಯಲ್ಲೇ ಇದೆ. ಸೊಳ್ಳೆಗಳೇ ದಿನಾ ತಂದಿಡುತ್ತವೆ."

ಮೊಲ ಬಗ್ಗಿ ನೋಡಿತು. ಬೂದು ಕಲ್ಲಿನ ಮೇಲೆ ಬೂದು ಮೀನು ಕಾಣುವುದಾದರೂ ಹೇಗೆ? "ಏನೂ ಇಲ್ಲವಲ್ಲ ಅಕ್ಕ! ಬರೀ ನೀರು."

"ಸೊಳ್ಳೆಮರಿ ಕಾಣುತ್ತಾ?"

"ಒಂದೂ ಇಲ್ಲ."

"ಹಾಗಾದರೆ ಮೀನಿವೆ," ಎಂದಳು ಚೂಪಕ್ಕ. "ಮೆಲ್ಲಗೆ ಮಾತಾಡು. ಮಕ್ಕಳು ಮಲಗಿವೆ."

ನೀತಿ: ಸಾಕುವ ಜೀವವನ್ನು ಅದರ ಚಂದ ನೋಡಿ ತರಬಾರದು, ನಾವು ಕೊಡಬಲ್ಲ ಜಾಗದಲ್ಲಿ ಅದು ಬದುಕೀತೇ ಎಂದು ನೋಡಿ ತರಬೇಕು.