ಬಳೆ ವ್ಯಾಪಾರಿಯ ಮನೆಯ ಹೆಜ್ಜೆ

"ಗುರುಗಳೇ, ಈಗ ನನಗೆ ಏನೂ ನೋಯುವುದಿಲ್ಲ. ಯಾರು ಬೈದರೂ ನೋಯುವುದಿಲ್ಲ. ಮೊನ್ನೆ ಅಕ್ಕ ಬಂದು, ಎದುರಿಗೆ ಕೂತು, ಅತ್ತು ಹೋದಳು. ಒಳಗೆ ಒಂದೆಳೆಯೂ ಅಲುಗಲಿಲ್ಲ. ತಲುಪಬೇಕಾದ ಸ್ಥಿತಿ ಇದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು.

"ಇದಕ್ಕೆ ಉತ್ತರ ಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ," ಎಂದರು. "ಹಿಮಾಲಯದಲ್ಲಿ ಹನ್ನೆರಡು ವರ್ಷ ಒಂಟಿ ಕಾಲಿನಲ್ಲಿ ನಿಂತು ಪಡೆದ ಉತ್ತರ." ಲೋಟ ಎತ್ತಿ ಒಂದು ಗುಟುಕು ಚಹಾ ಕುಡಿದರು. "ಅದು ಸುಳ್ಳು. ಹಿಮಾಲಯವನ್ನು ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ. ಒಂಟಿ ಕಾಲಿನಲ್ಲಿ ನಿಂತದ್ದು ಬಸ್ಸಿನಲ್ಲಿ. ಆದರೆ ಕತೆಯೊಂದಿದೆ. ನಡುವೆ ಎಲ್ಲಾದರೂ ಸುಳ್ಳು ಸಿಕ್ಕರೆ ಎತ್ತಿ ಪಕ್ಕಕ್ಕಿಟ್ಟು ಮುಂದಕ್ಕೆ ಕೇಳು."

ಹೀಗೆಂದು ಗುರುಗಳು ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿಯಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಕಲ್ಲುಚಪ್ಪಡಿಯ ನೆಲ. ಹೆಂಗಸರ ಕೈಯನ್ನು ದೂರದಿಂದ ನೋಡಿಯೇ ಬಳೆಯ ಅಳತೆ ಹೇಳುತ್ತಿದ್ದ. ಮೊದಲ ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಎರಡನೆಯವಳು ಮನೆ ನಡೆಸುತ್ತಿದ್ದಳು. ಅವಳ ಮೇಲೆ ಅವನಿಗೆ ದೂರಿರಲಿಲ್ಲ. ಹೇಳಿಕೊಳ್ಳುವಂಥ ಬೇರೇನೂ ಇರಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ. ಹಲವು ವರ್ಷ ಅಂಗಾಲು ಉರಿಯಿತು. ಒದ್ದೆ ಗೋಣಿಯ ಮೇಲೆ ಕಾಲಿಟ್ಟುಕೊಂಡು ಮಲಗುತ್ತಿದ್ದ. ಒಂದು ದಿನ ಉರಿ ನಿಂತಿತು. ಮತ್ತೆ ಬರಲಿಲ್ಲ. ವ್ಯಾಪಾರಿ ದೇವರಿಗೆ ತುಪ್ಪದ ದೀಪ ಹಚ್ಚಿದ. ಅಂಗಡಿಗೆ ಬಂದವರಿಗೆಲ್ಲ ಪೇಡ ಹಂಚಿ ತಾನೂ ತಿಂದ. ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೆ ಎಸೆದ. ನಿನ್ನ ಹಾಗೆ ಅವನೂ ತಲುಪಿಬಿಟ್ಟಿದ್ದ ಎನ್ನು.

ಕೆಲವು ತಿಂಗಳು ಕಳೆದ ಮೇಲೆ ಮನೆಯಲ್ಲಿ ಒಂದು ಸದ್ದು ಶುರುವಾಯಿತು.

ಸಂಜೆ ಅವನು ಅಂಗಡಿ ಮುಚ್ಚಿ ಒಳಗೆ ಬರುವಾಗ ಕಲ್ಲಿನ ಮೇಲೆ ಟಿಕ್ ಎನ್ನುತ್ತಿತ್ತು. ಒಂದು ಹೆಜ್ಜೆ ಬಿಟ್ಟು ಮತ್ತೆ ಟಿಕ್. ಅವನು ನಿಂತರೆ ಸದ್ದು ನಿಲ್ಲುತ್ತಿತ್ತು. ನಡೆದರೆ ಜೊತೆಗೆ ಬರುತ್ತಿತ್ತು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಹೆಂಗಸಿನ ಕಾಲುಂಗುರ ಕಲ್ಲಿಗೆ ತಾಗುವ ಸದ್ದು ಅದು. ಬಳೆ ಮಾರುವವನಿಗೆ ಅದನ್ನು ಬೇರೆಯವರು ತಿಳಿಸಬೇಕಾಗಿರಲಿಲ್ಲ.

ಆಮೇಲೆ ಗುರುತುಗಳು ಕಂಡವು. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆಯ ಕೋಣೆಯಿಂದ ಹಿತ್ತಲ ಬಾಗಿಲಿನವರೆಗೆ ಒದ್ದೆ ಹೆಜ್ಜೆ. ಎಲ್ಲವೂ ಬಲಗಾಲಿನವು. ಎಡಗಾಲಿನದು ಒಂದೂ ಇಲ್ಲ. ಒರೆಸಿದರೆ ಮರುದಿನ ಮತ್ತೆ ಇರುತ್ತಿದ್ದವು. ಇರುವೆಗಳು ಗೋಡೆಯಿಂದಿಳಿದು ಬಂದು ಪ್ರತಿ ಹೆಜ್ಜೆಯ ಸುತ್ತ ಸೇರುತ್ತಿದ್ದವು, ಯಾರೋ ಕೂತು ರಂಗೋಲಿ ಎಳೆದ ಹಾಗೆ.

ಕೊನೆಗೆ ವಾಸನೆ ಬಂತು. ಮುಡಿದ ಮಲ್ಲಿಗೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತ ವಾಸನೆ.

ವ್ಯಾಪಾರಿಗೆ ಸಂದೇಹ ಉಳಿಯಲಿಲ್ಲ. ಸತ್ತವಳು ಬಂದಿದ್ದಳು. ಮೊದಲು ಹೆದರಿದ. ಬರಬರುತ್ತಾ ಹೆದರಿಕೆ ಹೋಗಿ, ಸಂಜೆಯಾಗುವುದನ್ನೇ ಕಾಯತೊಡಗಿದ. ಕೆಲಸವಿಲ್ಲದಿದ್ದರೂ ಮನೆಯೊಳಗೆ ಅತ್ತಿಂದಿತ್ತ ನಡೆಯುತ್ತಿದ್ದ, ಅವಳೂ ನಡೆಯಲಿ ಎಂದು.

ಮಂತ್ರವಾದಿಯೊಬ್ಬ ಬಂದು ನೆಲ ಮೂಸಿದ. "ಅವಳು ಒಂಟಿಯಾಗಿ ನಡೆಯುತ್ತಿದ್ದಾಳೆ. ಅವಳನ್ನು ಸುಟ್ಟ ಜಾಗದವರೆಗೆ ನೀನು ಬರಿಗಾಲಿನಲ್ಲಿ ನಡೆದು ಹೋಗಿ ಬಾ," ಎಂದ. ವ್ಯಾಪಾರಿ ಸುಡುಬಿಸಿಲಿನಲ್ಲಿ ಜಲ್ಲಿಕಲ್ಲಿನ ದಾರಿ ಹಿಡಿದು ಹೋಗಿ ಬಂದ. "ಹಾಸಿಗೆಯ ಮೇಲೆ ನಡೆದ ಹಾಗಿತ್ತು. ಅವಳೇ ನನ್ನನ್ನು ಎತ್ತಿಕೊಂಡಿದ್ದಳು," ಎಂದು ಹೆಂಡತಿಗೆ ಹೇಳಿದ.

ಆ ಸಂಜೆ ಅವನಿಗೆ ನಡುಕದ ಜ್ವರ ಹತ್ತಿತು. ಕಾಲು ಮರದ ತುಂಡಿನಂತೆ ಭಾರವಾಯಿತು. "ಕರೆಯುತ್ತಿದ್ದಾಳೆ. ಹೋಗುತ್ತೇನೆ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಬೆಳಗಾಯಿತು. ಹೆಂಡತಿ ಬಟ್ಟೆ ಹಿಡಿದು ನೆಲ ಒರೆಸಲು ಕೂತಳು. ಅಂದು ಹೆಜ್ಜೆಗಳ ನಡುವೆ ಕೆಂಪು ಇತ್ತು. ಅವಳು ಸ್ವಲ್ಪ ಯೋಚಿಸಿ, ಒಂದು ಹೆಜ್ಜೆಯ ಮೇಲೆ ತನ್ನ ಕಾಲನ್ನು ಇಟ್ಟು ನೋಡಿದಳು. ಎದ್ದು ಗಂಡನ ಬಳಿಗೆ ಹೋದಳು.

"ರೀ, ಅವರ ಕಾಲು ನನ್ನ ಕಾಲಿಗಿಂತ ದೊಡ್ಡದಿತ್ತೇ?"

"ಇಲ್ಲ. ಪುಟ್ಟ ಕಾಲು. ಚಂದದ ಕಾಲು."

"ಚಂದ ಎಷ್ಟಿತ್ತು ಎಂದು ನಾನು ಕೇಳಲಿಲ್ಲ. ಊರಿನವರ ಕೈಯನ್ನೆಲ್ಲ ಅಳೆಯುತ್ತೀರಿ, ನಿಮ್ಮ ದೆವ್ವದ ಕಾಲನ್ನು ಅಳೆದು ನೋಡಿದಿರಾ? ನಿಮ್ಮ ಚಪ್ಪಲಿ ಅದಕ್ಕೆ ಸರಿಯಾಗಿ ಕೂರುತ್ತದೆ."

ಅವನ ಉತ್ತರಕ್ಕೆ ಕಾಯದೆ ಅವಳು ಹಾಸಿಗೆಯ ಬುಡದಲ್ಲಿ ಕೂತು ಅವನ ಬಲಗಾಲನ್ನು ಎತ್ತಿದಳು.

ಹೆಬ್ಬೆರಳಿನ ಬುಡದಲ್ಲಿ ಒಂದು ತೂತು. ಅಂಚು ಬೆಳ್ಳಗೆ, ಒಳಗೆ ಕಪ್ಪು. ಆ ಕಪ್ಪಿನ ನಡುವೆ ಹಸಿರಾಗಿ ಏನೋ ಹೊಳೆಯಿತು. ಅವನ ಅಂಗಡಿಯದೇ ಒಡೆದ ಬಳೆಯ ಚೂರು. ಎಂದು ಹೊಕ್ಕಿತೋ ಅವನಿಗೆ ಗೊತ್ತಿರಲಿಲ್ಲ. ಅವನು ಕಾಲೂರಿದಾಗಲೆಲ್ಲ ಅದು ಕಲ್ಲಿಗೆ ತಾಗುತ್ತಿತ್ತು. ರಾತ್ರಿ ಹಿತ್ತಲಿಗೆ ಎದ್ದುಹೋದಾಗಲೆಲ್ಲ ಗಾಯದ ಕೀವು ನೆಲಕ್ಕೆ ಅಂಟುತ್ತಿತ್ತು. ಕೊಳೆತ ಮಲ್ಲಿಗೆಯ ವಾಸನೆ ಬರುತ್ತಿದ್ದದ್ದೂ ಅಲ್ಲಿಂದಲೇ. ಇಷ್ಟು ದಿನ ಆ ಮನೆಯಲ್ಲಿ ವ್ಯಾಪಾರಿಯ ಹಿಂದೆ ವ್ಯಾಪಾರಿಯೇ ನಡೆಯುತ್ತಿದ್ದ.

ಆಸ್ಪತ್ರೆಯಲ್ಲಿ ವೈದ್ಯೆ ಕಾಲನ್ನು ನೋಡಿದರು. ಉರಿ ನಿಂತ ಕತೆಯನ್ನು ಕೇಳಿದರು. "ಉರಿ ನಿಂತದ್ದು ವಾಸಿಯಾಗಿ ಅಲ್ಲ. ಉರಿಯನ್ನು ತಿಳಿಸುವ ನರಗಳೇ ಸತ್ತಿವೆ. ಕೀವು ಮೂಳೆಗೆ ಇಳಿದಿದೆ. ಇನ್ನು ತಡಮಾಡಿದರೆ ಕಾಲು ಹೋಗುತ್ತದೆ, ಆಮೇಲೆ ನೀವೂ ಹೋಗುತ್ತೀರಿ," ಎಂದರು. ಕತ್ತರಿ ಎತ್ತಿಕೊಂಡು, "ನೋವಾದರೆ ಹೇಳಿ," ಎಂದರು.

ಮೊದಲು ಗಾಜಿನ ಚೂರು ಬಂತು. ತಟ್ಟೆಗೆ ಬಿದ್ದು ಟಿಕ್ ಎಂದಿತು. ಹೆಂಡತಿ ಬೆಚ್ಚಿದಳು. ಆಮೇಲೆ ಸತ್ತ ಮಾಂಸವನ್ನು ಕತ್ತರಿಸಿ ತೆಗೆದರು. ಹೆಬ್ಬೆರಳನ್ನು ಉಳಿಸಲಾಗಲಿಲ್ಲ. ಅದನ್ನೂ ತೆಗೆದರು. ವ್ಯಾಪಾರಿ ಮೊಣಕೈಯೂರಿ ಎದ್ದು, ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದ. ನಡುವೆ ಹೆಂಡತಿಯ ಕಡೆ ತಿರುಗಿ, "ಅಂಗಡಿಗೆ ಬೀಗ ಹಾಕಿದೆಯಾ?" ಎಂದು ವಿಚಾರಿಸಿದ.

"ಈಗ?" ಎಂದರು ವೈದ್ಯೆ.

"ಇಲ್ಲ."

ಕತ್ತರಿ ಇನ್ನೂ ಒಳಗೆ ಹೋಯಿತು. "ಈಗ?"

"ಇಲ್ಲ."

ಹೆಂಡತಿ ಕಾಲನ್ನು ನೋಡುವುದನ್ನು ಬಿಟ್ಟು ಅವನ ಮುಖವನ್ನೇ ನೋಡತೊಡಗಿದಳು. ಒಬ್ಬ ಮನುಷ್ಯನಿಗೆ ನೋವಾಗಲಿ ಎಂದು ಯಾರೂ ಅಷ್ಟು ಬೇಡಿಕೊಂಡಿರಲಾರರು.

ಮೂರನೆಯ ಸಲ ಕೇಳುವ ಮೊದಲೇ ವ್ಯಾಪಾರಿ ಚೀರಿದ. ಒಳಗಿನಿಂದ ಹೊಸ ರಕ್ತ ಬಂತು. ಹೆಂಡತಿ ಕೈಮುಗಿದು ಅತ್ತಳು.

"ಸಾಕು," ಎಂದು ವೈದ್ಯೆ ಕತ್ತರಿಯನ್ನು ಕೆಳಗಿಟ್ಟರು. "ಇಲ್ಲಿಂದ ಮೇಲಕ್ಕೆ ನೀವು ಬದುಕಿದ್ದೀರಿ."

ರಕ್ತನಾಳಕ್ಕೆ ಔಷಧಿ ಹಾಕಿದರು. ಸಕ್ಕರೆಯನ್ನು ಇಳಿಸಿದರು. ಮನೆಗೆ ಕಳಿಸುವಾಗ ಗಾಯಕ್ಕೆ ಪಟ್ಟಿ ಕಟ್ಟುವ ಕ್ರಮವನ್ನು ಹೆಂಡತಿಗೆ ಕಲಿಸಿದರು. ವ್ಯಾಪಾರಿಗೆ ಹೇಳಿದ್ದು ಒಂದೇ: ಗಾಯ ತಳದಿಂದ ತುಂಬಿ ಮುಚ್ಚುವವರೆಗೆ ಆ ಕಾಲು ನೆಲವನ್ನು ಮುಟ್ಟಬಾರದು.

ಅವನು ದಿಂಬಿನ ಮೇಲೆ ಕಾಲಿಟ್ಟು ಮಲಗಿದ. ನೆಲ ಒಣಗಿತು. ಇರುವೆಗಳು ಹೊರಟುಹೋದವು. ಸದ್ದು ನಿಂತಿತು. ಸತ್ತಿದ್ದ ಮೊದಲ ಹೆಂಡತಿಯನ್ನು ವೈದ್ಯೆ ಇನ್ನೊಮ್ಮೆ ಸಾಯಿಸಿದರು ಎಂದು ಅವನಿಗೆ ಅನಿಸಿತು.

ಒಂದು ಸಂಜೆ ಹಾಗೆಯೇ ಮಲಗಿದ್ದಾಗ, ಮನೆಯ ಹಿಂಭಾಗದಲ್ಲಿ, ಕಲ್ಲಿನ ಮೇಲೆ, ಟಿಕ್ ಎಂದಿತು.

ಅವನು ತನ್ನ ಕಾಲನ್ನು ನೋಡಿದ. ಅದು ಪಟ್ಟಿ ಸುತ್ತಿಕೊಂಡು ದಿಂಬಿನ ಮೇಲೆಯೇ ಇತ್ತು.

ಟಿಕ್. ಸದ್ದು ಹತ್ತಿರ ಬಂತು. ಈ ಸಲ ನಡುವೆ ಹೆಜ್ಜೆ ಬಿಡಲಿಲ್ಲ. ಎರಡು ಕಾಲೂ ನಡೆದು ಬರುತ್ತಿದ್ದವು. ಬಾಗಿಲಿನ ಆಚೆಗೆ ಬಂದು ನಿಂತಿತು. ಅವನ ಮೈಯ ಕೂದಲೆಲ್ಲ ಎದ್ದು ನಿಂತವು. ಕದ ಮೆಲ್ಲಗೆ ಸರಿಯಿತು.

ಹೆಂಡತಿ ಪಟ್ಟಿಯ ತಟ್ಟೆ ಹಿಡಿದು ಒಳಗೆ ಬಂದಳು.

"ಈಗ ಕೇಳಿಸಿತಲ್ಲ, ಅದು ಏನು?"

"ಯಾವುದು? ಕಾಲುಂಗುರವೇ?"

"ಯಾವಾಗಿನಿಂದ ಇದೆ ಅದು?"

"ನೀವೇ ತೊಡಿಸಿದ್ದು," ಎಂದು ಅವಳು ತಟ್ಟೆಯನ್ನಿಟ್ಟು ಪಟ್ಟಿಯ ಗಂಟಿಗೆ ಕೈ ಹಾಕಿದಳು.

ವ್ಯಾಪಾರಿ ಅಯ್ಯೋ ಎಂದು ನರಳಿದ. ಅವಳು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡಳು. ಅವಳಿನ್ನೂ ಗಾಯವನ್ನು ಮುಟ್ಟಿಯೇ ಇರಲಿಲ್ಲ.

ಗುರುಗಳು ಲೋಟವನ್ನು ಬರಿದು ಮಾಡಿ ಬೆಂಚಿನ ಮೇಲಿಟ್ಟರು.

"ಕಾಲು ಉಳಿಯಿತೇ?" ಎಂದ ಶಿಷ್ಯ.

"ಉಳಿಯಿತು. ಈಗ ದಿನವೂ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾನೆ. ಇದು ನಿಜ. ಮಿಕ್ಕದ್ದಕ್ಕೆ ನಾನು ಹೊಣೆಯಲ್ಲ."

ಗುರುಗಳು ಎದ್ದು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಚಹಾದ ಕಾಸು ನೀನು ಕೊಡು. ನೋವಾದರೆ ಹೇಳು."