ಮರೆತವನ ಬಂಡೆ

ತಾರಿಕಟ್ಟೆಯಲ್ಲಿ ದೋಣಿಗೆ ಕಾಯುವವರು ಕೂರುವ ಕರಿಬಂಡೆಗೆ ಮರೆತವನ ಬಂಡೆ ಎಂದು ಹೆಸರು. ಊರ ಕಡೆಯಿಂದ ನೋಡಿದರೆ ಅದರಲ್ಲಿ ವಿಶೇಷವೇನಿಲ್ಲ. ಒಣಮೀನಿನ ಬುಟ್ಟಿ ಇಳಿಸಲು ಅನುಕೂಲ, ಅಷ್ಟೆ. ಮರೆತವನು ಯಾರೆಂದು ಕೇಳಿದರೆ ಜಟ್ಟಪ್ಪ ಅಂಬಿಗ ಎನ್ನುತ್ತಾರೆ. ಏನನ್ನು ಮರೆತನೆಂದು ಹೇಳುವವರು ಈಗ ಕಡಿಮೆ.

ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಈ ಜಟ್ಟಪ್ಪ ನೌಕಾಪಡೆಯ ಹಡಗಿನಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ. ಉರಿಯುವ ಹಡಗಿನಲ್ಲಿ ಹನ್ನೊಂದು ಮಂದಿಯನ್ನು ಬದುಕಿಸಿ ಪದಕ ಪಡೆದ. ರಕ್ತ ನಿಲ್ಲಿಸಲು ಕೈಯನ್ನೋ ಕಾಲನ್ನೋ ಬಿಗಿದು ಕಟ್ಟಿದರೆ, ಕಟ್ಟಿದ ಹೊತ್ತನ್ನು ಗಾಯಾಳುವಿನ ಹಣೆಯ ಮೇಲೆ ಬರೆಯುವುದು ಅಲ್ಲಿಯ ಕ್ರಮ. ಹೊತ್ತು ಮೀರಿದರೆ ಕಟ್ಟೇ ಕೊಲ್ಲುತ್ತದೆ. ಅವನು ಊರಿಗೆ ಮರಳಿದ ಮೂರನೆಯ ವರ್ಷ ಅಳಿವೆಯಲ್ಲಿ ದೋಣಿಯೊಂದು ಒಡೆದು ಇಬ್ಬರು ಗಾಯಗೊಂಡರು. ಮೀನು ಮಾರುವ ಹೊನ್ನಿಯ ಒಬ್ಬನೇ ಮಗ ಮಂಕಾಳಿಯ ತೊಡೆ ಸೀಳಿತ್ತು. ಜಟ್ಟಪ್ಪ ಬಿಗಿದು ಕಟ್ಟಿ, ಹಣೆಯ ಮೇಲೆ ಇದ್ದಿಲಿನಿಂದ ಹೊತ್ತು ಬರೆದು, ಅವನನ್ನು ತಾಯಿಯೊಡನೆ ಆಚೆದಡದ ಆಸ್ಪತ್ರೆಗೆ ಕಳಿಸಿ, ತಾನು ಎರಡನೆಯವನ ಬಳಿ ಉಳಿದ.

ನಡುಹೊಳೆಯಲ್ಲಿ ಹೊನ್ನಿ ಸೆರಗಿನ ಗಂಟು ಬಿಚ್ಚಿ ಅಮ್ಮನವರ ಕುಂಕುಮ ತೆಗೆದಳು. ಪ್ರಸಾದ ಹಚ್ಚುವ ಹಣೆ ಶುಚಿಯಾಗಿರಬೇಕು. ಓದುಬರಹ ಅರಿಯದ ಅವಳು, ದೋಣಿಯ ಮಸಿ ಎಂದುಕೊಂಡು, ಸೆರಗು ನೆನೆಸಿ ಚೊಕ್ಕಟವಾಗಿ ಒರೆಸಿದಳು. ನಮ್ಮಲ್ಲಿ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಹುಟ್ಟು ಹಾಕುತ್ತಿದ್ದ ಬೊಮ್ಮಯ್ಯನೂ ನೋಡಿ ಸುಮ್ಮನಿದ್ದ. ಕಟ್ಟಿದ ಹೊತ್ತು ಆಸ್ಪತ್ರೆಯವರಿಗೆ ತಿಳಿಯಲಿಲ್ಲ. ಕಟ್ಟು ಬಿಚ್ಚುವುದು ತಡವಾಯಿತು. ಮಂಕಾಳಿ ಮೂರನೆಯ ದಿನ ತೀರಿಕೊಂಡ.

ಬೊಮ್ಮಯ್ಯ ನಡೆದದ್ದನ್ನು ಜಟ್ಟಪ್ಪನಿಗೆ ಹೇಳಿದ. ಮರುದಿನ ಹೊನ್ನಿ ಇದೇ ಬಂಡೆಯ ಬಳಿ, ಊರವರ ಎದುರಿಗೆ, ಜಟ್ಟಪ್ಪನನ್ನು ತಡೆದು ನಿಲ್ಲಿಸಿದಳು.

“ಹೊತ್ತು ಬರ್ದಿದ್ರೆ ಬದುಕ್ತಿದ್ನಂತೆ. ಯಾಕೆ ಬರೀಲಿಲ್ಲ ನೀನು?”

“ಬರ್ಯೂಕೆ ಮರ್ತೋಯ್ತು ಹೊನ್ನಕ್ಕ. ತಪ್ಪು ನಂದೇಯ.”

ಅಂದಿನಿಂದ ಅವನ ಬಳಿ ಯಾರೂ ಒಂದು ಮುಳ್ಳು ತೆಗೆಸಿಕೊಳ್ಳಲೂ ಹೋಗಲಿಲ್ಲ. ಸಂಜೆ ಅವನು ಒಬ್ಬನೇ ಕೂರುತ್ತಿದ್ದ ಬಂಡೆಗೆ ಹೊನ್ನಿಯೇ ಆ ಹೆಸರಿಟ್ಟಳು ಎನ್ನುತ್ತಾರೆ. ಜಟ್ಟಪ್ಪ ಹಾಕಿಸಿಕೊಂಡ ಆಣೆಗೆ ಕಟ್ಟುಬಿದ್ದ ಬೊಮ್ಮಯ್ಯ ಬಾಯಿಬಿಟ್ಟದ್ದು ಹೊನ್ನಿ ತೀರಿಕೊಂಡ ಮೇಲೆ. ಆ ಹೊತ್ತಿಗೆ ಜಟ್ಟಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆ ಹೆಸರು ಹೇಳಿ ನಕ್ಕವರಲ್ಲಿ ನಾನೂ ಒಬ್ಬ.

ಹೆಸರು ಬದಲಾಗಲಿಲ್ಲ. ಬಂಡೆಯ ಹೊಳೆಯ ಮಗ್ಗುಲಲ್ಲಿ ಜಟ್ಟಪ್ಪ ಉಳಿ ಹಿಡಿದು ಕೊರೆದ ಅಂಕಿಗಳಿವೆ. ದಡದಲ್ಲಿ ನಿಂತವರಿಗೆ ಅವು ಕಾಣುವುದಿಲ್ಲ. ಮಗ ಹೋದ ಮೇಲೆ ಹೊನ್ನಿ ಒಮ್ಮೆಯೂ ಹೊಳೆ ದಾಟಲಿಲ್ಲ. ದೋಣಿಯಲ್ಲಿ ಬರುವವರು ಈಗಲೂ ಓದಬಹುದು: ಒಂಬತ್ತು ಗಂಟೆ ನಲವತ್ತು ನಿಮಿಷ.